ನೆಲ ಬಿಟ್ಟ ಚೌಕ

ಆ ಬಡಾವಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸ್ಕೂಟರಿನ ಪಕ್ಕಕ್ಕೆ ಮಡಚುವ ಏಣಿ ಕಟ್ಟಿಕೊಂಡು ಮನೆಮನೆಗೆ ಕ್ಯಾಮೆರಾ ಹಾಕಲು ಬರುವ ಹೆಂಗಸು ಇನ್ನೊಬ್ಬಳಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಏಣಿಯಮ್ಮ. ಅವಳಿಗೂ ಆ ಹೆಸರು ಎಷ್ಟು ಒಗ್ಗಿಹೋಗಿತ್ತೆಂದರೆ, ಫೋನೆತ್ತಿದ ಕೂಡಲೇ ತಾನೇ "ಏಣಿಯಮ್ಮ, ಹೇಳಿ" ಅನ್ನುತ್ತಿದ್ದಳು.

ಕೆಲಸದಲ್ಲಿ ಅವಳಿಗೆ ಎರಡು ಅಭ್ಯಾಸ. ಒಂದು, ಕ್ಯಾಮೆರಾ ಹಾಕಿದ ಮೇಲೆ ಮನೆಯವರನ್ನೆಲ್ಲ ಅದರ ಮುಂದೆ ನಡೆಸುವುದು. "ಈಗ ನಡೆದು ತೋರಿಸಿ" ಎಂದು ಫೋನು ಹಿಡಿದು ನಿಂತುಬಿಡುವಳು. ಮೂವತ್ತು ವರ್ಷದಿಂದ ಅದೇ ಕೋಣೆಯಲ್ಲಿ ಓಡಾಡಿದ ಜನ, ಆ ಮಾತು ಕೇಳಿದ ಕೂಡಲೇ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ಮದುಮಕ್ಕಳ ಹಾಗೆ ಹೆಜ್ಜೆ ಹಾಕುವರು. ಫೋನು ಟಿಣ್ ಅಂದರೆ ಕೆಲಸ ಮುಗಿಯಿತು. ಇನ್ನೊಂದು ಅಭ್ಯಾಸ, ತಮಾಷೆ. ತಮಾಷೆ ಮಾಡದೆ ಅವಳಿಗೆ ಒಂದು ಮೊಳೆ ಹೊಡೆಯಲೂ ಬರುತ್ತಿರಲಿಲ್ಲ. ತಾನು ಒಮ್ಮೆ ಸರಿಮಾಡಿದ ಕ್ಯಾಮೆರಾಕ್ಕೆ ಯಾರೂ ಮತ್ತೆ ಕರೆದಿಲ್ಲ ಎಂಬ ಜಂಬವೂ ಇತ್ತು, ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಆದ್ದರಿಂದ ಆ ಬೆಳಿಗ್ಗೆ ನಿವೃತ್ತ ಟೀಚರೊಬ್ಬರ ತಂಗಿಯ ಫೋನು ಬಂದಾಗ ಅವಳ ಮೂಗಿನ ತುದಿಗೆ ಸಿಟ್ಟು ಬಂತು.

"ಏಣಿಯಮ್ಮ, ಕ್ಯಾಮೆರಾ ಕೆಟ್ಟಿದೆ. ಇವತ್ತೇ ಬನ್ನಿ."

"ಏನಾಗಿದೆ ಮೇಡಂ? ಚಿತ್ರ ಬರ್ತಿಲ್ವಾ?"

"ಕೆಟ್ಟಿದೆ ಅಂದೆನಲ್ಲ" ಎಂದವಳೇ ಇಟ್ಟುಬಿಟ್ಟಳು.

ಅದು ಅಕ್ಕತಂಗಿಯರ ಮನೆ. ಅಕ್ಕ ಲೆಕ್ಕದ ಟೀಚರ್ ಆಗಿದ್ದು ನಿವೃತ್ತಿಯಾದವರು, ಅರವತ್ತೆರಡು ದಾಟಿದೆ, ಮೊಣಕಾಲು ಮಾತು ಕೇಳುವುದಿಲ್ಲ. ತಂಗಿಗೆ ಐವತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಅಲ್ಲಿ ಕದಿಯಲು ಇದ್ದದ್ದೆಂದರೆ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳು. ಕ್ಯಾಮೆರಾ ಬೇಕಾದದ್ದು ಕಳ್ಳರಿಗಲ್ಲ, ಹಗಲೆಲ್ಲ ಒಬ್ಬಳೇ ಇರುವ ಅಕ್ಕ ಓಡಾಡಿಕೊಂಡಿದ್ದಾಳೆಂದು ತಂಗಿಗೆ ಅಂಗಡಿಯಲ್ಲಿ ತಿಳಿಯಲಿ ಎಂದು. ಏಣಿಯಮ್ಮ ಅದನ್ನು ನಡುಮನೆಯ ಮೂಲೆಯಲ್ಲಿ, ಸೂರಿಗೆ ಒಂದು ಗೇಣು ಕೆಳಗೆ ಹಾಕಿದ್ದಳು.

ಹಾಕಿದ ತಿಂಗಳೊಳಗೇ ಒಮ್ಮೆ ಮತ್ತೆ ಹೋಗಬೇಕಾಗಿ ಬಂದಿತ್ತು. ಅದು ಕ್ಯಾಮೆರಾದ ತಪ್ಪಲ್ಲ, ಬೆಕ್ಕಿನದು. ಅಕ್ಕ ಸಾಕಿದ ಬೂದು ಬೆಕ್ಕಿಗೆ ಆ ಮನೆಯಲ್ಲಿ ಯಜಮಾನಿ ಎಂದೇ ಹೆಸರು. ಯಜಮಾನಿ ನಡುಮನೆ ದಾಟಿದಾಗಲೆಲ್ಲ ಕ್ಯಾಮೆರಾ ಕೂಡಲೇ ಅಂಗಡಿಯಲ್ಲಿದ್ದ ತಂಗಿಯ ಫೋನಿಗೆ ಟಿಣ್ ಎಂದು ಸುದ್ದಿ ಮುಟ್ಟಿಸುತ್ತಿತ್ತು. ದಿನಕ್ಕೆ ನಲವತ್ತು ಸಲ. ಅಂಗಡಿಯ ಮಾಲೀಕ ಗುರ್ ಎನ್ನತೊಡಗಿದ್ದ. ಅದಕ್ಕೆ ಏಣಿಯಮ್ಮ ಫೋನಿನಲ್ಲಿ ನಡುಮನೆಯ ಚಿತ್ರದ ಮೇಲೆ ಬೆರಳಿನಿಂದ ಒಂದು ಚೌಕ ಎಳೆದಳು. ಚೌಕದೊಳಗೆ ಏನಾದರೂ ಅಲ್ಲಾಡಿದರೆ ಮಾತ್ರ ಫೋನಿಗೆ ಸುದ್ದಿ.

"ಕೆಳಗಿನ ಗೆರೆ ಎಲ್ಲಿದೆ?" ಟೀಚರ್ ಕನ್ನಡಕ ಏರಿಸಿ ಬಗ್ಗಿ ನೋಡಿದ್ದರು.

"ಮೇಜಿನ ಎತ್ತರಕ್ಕೆ, ಟೀಚರ್."

"ಅದಕ್ಕಿಂತ ಕೆಳಗಿನದ್ದು?"

"ಕ್ಯಾಮೆರಾ ನೋಡುತ್ತೆ, ಒಳಗಡೆ ಇಟ್ಟುಕೊಳ್ಳುತ್ತೆ. ಆದ್ರೆ ಫೋನಿಗೆ ಚಾಡಿ ಹೇಳಲ್ಲ. ಕೆಳಗೆ ಓಡಾಡೋದು ಯಜಮಾನಿ ಒಬ್ಬಳೇ ತಾನೆ? ನೀವೇನು ತೆವಳಿಕೊಂಡು ಹೋಗ್ತೀರಾ?"

ಮೊದಲು ನಕ್ಕವರು ಟೀಚರೇ. ನಲವತ್ತು ವರ್ಷ ಮಕ್ಕಳ ಮುಂದೆ ಬಿಗಿಹಿಡಿದ ನಗು, ಒಮ್ಮೆ ಬಂದರೆ ನಿಲ್ಲುತ್ತಿರಲಿಲ್ಲ. ಆಮೇಲೆ ಟೀಚರ್ ನಡೆದು ತೋರಿಸಿದರು, ಟಿಣ್ ಎಂದಿತು. ಬೆಕ್ಕು ಬಾಲವೆತ್ತಿಕೊಂಡು ನಡೆಯಿತು, ಫೋನು ತೆಪ್ಪಗಿತ್ತು. ಮೂವರೂ ಚಪ್ಪಾಳೆ ತಟ್ಟಿದ್ದರು.

ಈಗ ಬಾಗಿಲು ತೆಗೆದ ತಂಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಗಡಿಯ ಸಮವಸ್ತ್ರ ಹಾಕಿಕೊಂಡಿದ್ದಳು, ಆದರೆ ಕೆಲಸಕ್ಕೆ ಹೊರಟವಳ ಹಾಗೆ ಕಾಣಲಿಲ್ಲ. ಟೀಚರ ಕುರ್ಚಿ ಖಾಲಿ. ಏಣಿಯಮ್ಮ ಮೊದಲು ಕೆಲಸ ನೋಡಿದಳು. ಏಣಿ ಬಿಚ್ಚಿ ಹತ್ತಿದಳು, ವೈರು ಅಲ್ಲಾಡಿಸಿ ನೋಡಿದಳು, ಕ್ಯಾಮೆರಾದ ಗಾಜು ಒರೆಸಿದಳು, ವೈಫೈ ಪರೀಕ್ಷಿಸಿದಳು, ಮೆಮೊರಿ ಕಾರ್ಡು ತೆಗೆದು ಮತ್ತೆ ಹಾಕಿದಳು. ಎಲ್ಲ ಸರಿಯಾಗಿತ್ತು.

"ಇದಕ್ಕೇನೂ ಆಗಿಲ್ಲ ಮೇಡಂ. ಕಲ್ಲುಗುಂಡಿನ ಹಾಗಿದೆ."

"ಆಗಿದೆ" ಅಂದಳು ತಂಗಿ. ನಿಂತಲ್ಲಿಂದ ಕದಲದೆ, ಅಕ್ಕ ಡಾಕ್ಟರಿಗೆ ಹೇಳಿದ್ದನ್ನು ಪಾಠ ಒಪ್ಪಿಸುವವಳಂತೆ ಹೇಳಿದಳು. ಒಂಬತ್ತು ದಿನದ ಹಿಂದೆ, ಬೆಳಿಗ್ಗೆ ಹತ್ತೂವರೆ ಹೊತ್ತಿಗೆ, ಅಡಿಗೆಮನೆಯಲ್ಲಿ ನೀರು ಚೆಲ್ಲಿದ್ದನ್ನು ನೋಡದೆ ಅಕ್ಕ ಜಾರಿಬಿದ್ದಳು. ಸೊಂಟದ ಮೂಳೆ ಮುರಿಯಿತು. ಫೋನು ಕಟ್ಟೆಯ ಮೇಲೆ ಚಾರ್ಜಿಗೆ ಇತ್ತು, ಕೈಗೆಟುಕಲಿಲ್ಲ. ಕೂಗಿದಳು. ಎದುರಿನ ಕಟ್ಟಡದಲ್ಲಿ ಜಲ್ಲಿ ಕಲಸುವ ಯಂತ್ರ ಓಡುತ್ತಿತ್ತು, ಯಾರಿಗೂ ಕೇಳಲಿಲ್ಲ. ನಡುಮನೆಯವರೆಗೆ ತೆವಳಿಕೊಂಡು ಬಂದಳು. ಊಟಕ್ಕೆಂದು ತಂಗಿ ಎರಡೂವರೆಗೆ ಮನೆಗೆ ಬಂದಾಗ ಅಲ್ಲೇ ಇದ್ದಳು.

"ಆಪರೇಷನ್ ಆಗಿದೆ. ಡಾಕ್ಟರ ಹತ್ರ ಮಾತಾಡ್ತಾಳೆ, ನರ್ಸ್ ಹತ್ರ ಮಾತಾಡ್ತಾಳೆ. ನಾನು ಹೋದರೆ ಗೋಡೆ ಕಡೆ ತಿರುಗಿಕೊಳ್ತಾಳೆ. ಒಂಬತ್ತು ದಿನ ಆಯ್ತು, ಒಂದು ಮಾತಿಲ್ಲ. ನಲವತ್ತು ವರ್ಷದಲ್ಲಿ ನಾವು ಒಂದು ದಿನ ಮಾತು ಬಿಟ್ಟವರಲ್ಲ ಏಣಿಯಮ್ಮ."

"ತೆವಳಿಕೊಂಡಾ?" ಎಂದಳು ಏಣಿಯಮ್ಮ. ಉಳಿದದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು, ಆದರೆ ಬಾಯಿಂದ ಹೊರಬಂದದ್ದು ಅದೊಂದೇ. ಹಿಡಿದ ಏಣಿಗೇ ಒರಗಿ ನಿಂತಳು. ತನ್ನ ತಮಾಷೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಕೋಪ ಬಂದದ್ದು ತನ್ನ ನಾಲಿಗೆಯ ಮೇಲೆ.

"ಮೇಡಂ, ಅದು ನಾನು ಎಳೆದ ಚೌಕ. ನೆಲ ಬಿಟ್ಟು ಎಳೆದಿದ್ದೆ. ಅವರು ಅಷ್ಟು ಹೊತ್ತು ಕ್ಯಾಮೆರಾದ ಕಣ್ಣೆದುರೇ ಇದ್ದರು, ಅದು ನಿಮಗೆ ಹೇಳಲಿಲ್ಲ. ತಪ್ಪು ನಂದು."

ತಂಗಿ ಬೈಯಬಹುದಿತ್ತು, ಕೆನ್ನೆಗೆ ಬಾರಿಸಿದ್ದರೂ ಏಣಿಯಮ್ಮ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೆ ತಂಗಿಯ ಮುಖದಲ್ಲಿ ಕಂಡದ್ದು ಸಮಾಧಾನ. ಅದೇ ಏಣಿಯಮ್ಮನಿಗೆ ವಿಚಿತ್ರವೆನಿಸಿತು.

"ಹಾಗಾದ್ರೆ ಅದನ್ನೇ ಬರೆದುಕೊಡಿ. ಆವತ್ತು ಫೋನಿಗೆ ಏನೂ ಬರಲಿಲ್ಲ, ಕ್ಯಾಮೆರಾ ಕೆಟ್ಟಿತ್ತು ಅಂತ. ಸಹಿ ಹಾಕಿ. ಅಕ್ಕ ನನ್ನ ಮಾತು ನಂಬಲ್ಲ, ಕಾಗದ ನಂಬ್ತಾಳೆ."

ಏಣಿಯಮ್ಮ ಚೀಲದಿಂದ ಕೆಲಸದ ಚೀಟಿಯ ಪುಸ್ತಕ ತೆಗೆದಳು. ಬರೆಯಲು ಅವಳಿಗೆ ಮನಸ್ಸಿತ್ತು. ತಪ್ಪು ತನ್ನದೆಂದು ತಾನೇ ಬರೆದು ಕೈ ತೊಳೆದುಕೊಳ್ಳುವುದು ಎಷ್ಟೋ ಹಗುರ. ಆದರೆ ನೋಡದೆ ಬರೆದ ಚೀಟಿ ಆ ಪುಸ್ತಕದಲ್ಲಿ ಒಂದೂ ಇರಲಿಲ್ಲ.

"ಒಂದು ಸಲ ರೆಕಾರ್ಡ್ ನೋಡಿಬಿಡ್ತೀನಿ."

"ಬೇಡ."

"ನೋಡದೆ ಬರೆಯೋಕೆ ಕೈ ಬರಲ್ಲ ಮೇಡಂ. ಎರಡು ನಿಮಿಷ."

ತಂಗಿ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಪಾತ್ರೆ ತೊಳೆಯುವ ಸದ್ದಿಲ್ಲ, ಬರೀ ನೀರು ಬೀಳುವ ಸದ್ದು.

ಏಣಿಯಮ್ಮ ಟೀಚರ ಕುರ್ಚಿಯಲ್ಲಿ ಕೂರಲಾರದೆ ನೆಲದ ಮೇಲೆ ಕೂತು ಕಾರ್ಡಿನಲ್ಲಿದ್ದ ಆ ದಿನವನ್ನು ತೆರೆದಳು. ಹತ್ತು ಮೂವತ್ತೆಂಟು. ಅಡಿಗೆಮನೆಯ ಹೊಸ್ತಿಲಲ್ಲಿ ಮೊದಲು ಎರಡು ಕೈ ಕಂಡವು, ಆಮೇಲೆ ಬಿಳಿ ತಲೆ. ಮೊಣಕೈ ಊರಿ, ತಡೆದು, ಉಸಿರೆಳೆದು, ಮತ್ತೆ ಮೊಣಕೈ ಊರಿ. ನಾಲ್ಕು ಮಾರು ದಾರಿಗೆ ಹನ್ನೆರಡು ನಿಮಿಷ. ಏಣಿಯಮ್ಮ ವೇಗವಾಗಿ ಓಡಿಸಿ ನೋಡಬಹುದಿತ್ತು. ಓಡಿಸಲಿಲ್ಲ.

ನಡುಮನೆಯ ಮಧ್ಯದಲ್ಲಿ ಟೀಚರ್ ಅಂಗಾತ ಮಲಗಿ ಕ್ಯಾಮೆರಾವನ್ನು ನೋಡಿದರು. ಒಂದು ಕೈ ಎತ್ತಿ ಬೀಸಿದರು. ಆಮೇಲೆ ಕೈಯನ್ನೂ ಪಕ್ಕದ ಮೇಜನ್ನೂ ನೋಡಿದರು. ಬೆರಳ ತುದಿ ಮೇಜಿನ ಮಟ್ಟಕ್ಕೆ ಒಂದು ಗೇಣು ಕಡಿಮೆ. ಅವರ ತುಟಿ ಅಲುಗಿತು, ಏನೋ ಲೆಕ್ಕ ಹಾಕಿದಂತೆ. ಚಪ್ಪಲಿಗೆ ಕೈ ಚಾಚಿದರು, ಅದು ದೂರವಿತ್ತು. ಅಷ್ಟರಲ್ಲಿ ಯಜಮಾನಿ ಬಂದು ಅವರ ಕೆನ್ನೆಗೆ ಮೈ ಉಜ್ಜಿತು.

ಟೀಚರ್ ಬೆಕ್ಕನ್ನು ಹಿಡಿದರು. ಎರಡೂ ಕೈಯಲ್ಲಿ, ಕಂಕುಳ ಕೆಳಗೆ, ಮಗುವನ್ನು ಹಿಡಿಯುವ ಹಾಗೆ. ನೆಟ್ಟಗೆ ಮೇಲಕ್ಕೆ ಎತ್ತಿದರು. ಬೆಕ್ಕು ಕೊಸರಿ ಪರಚಿತು, ಬಿದ್ದುಹೋಯಿತು. ಅದನ್ನು ಪುಸಲಾಯಿಸಿ ಮತ್ತೆ ಹಿಡಿದರು. ಮೂರನೇ ಸಲಕ್ಕೆ ಕೈ ನಡುಗುತ್ತ ಪೂರ್ತಿ ನೀಳವಾಯಿತು, ಬೆಕ್ಕಿನ ತಲೆ ಎದೆ ಎರಡೂ ಮೇಜಿನ ಮೇಲಕ್ಕೆ ಬಂದವು. ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಚುಕ್ಕೆ ಹೊತ್ತಿತು. ಸುದ್ದಿ ಹೋಗಿದೆ ಎಂದು ಅದರ ಅರ್ಥ. ಹನ್ನೊಂದು ಗಂಟೆ ಆರು ನಿಮಿಷ.

ಫೋನಿಗೆ ಹೋಗುವುದು ಚೌಕದೊಳಗಿನ ತುಂಡು ಚಿತ್ರ. ಅದರಲ್ಲಿ ಕಾಣುವುದು ಗಾಳಿಯಲ್ಲಿ ಮುಂಗಾಲು ಇಳಿಬಿಟ್ಟ ಬೆಕ್ಕು, ಅದರ ಪಕ್ಕೆಯಲ್ಲಿ ಕೆಲವು ಬೆರಳು. ಅದರ ಮೇಲೆ ಒತ್ತಿದರೆ ಇಡೀ ನಡುಮನೆ ಕಾಣುತ್ತದೆ, ನೆಲವೂ.

ರೆಕಾರ್ಡಿನಲ್ಲಿ ಎರಡು ನಿಮಿಷ ಕಳೆಯಿತು. ಅದರೊಳಗೇ ಅಡಿಗೆಮನೆಯ ಕಡೆಯಿಂದ ಟಿಣ್ ಎಂಬ ಸದ್ದು ಕೇಳಿಸಿತು. ಕಟ್ಟೆಯ ಮೇಲಿದ್ದ ಟೀಚರ ಫೋನು. ಟೀಚರ್ ಆ ಕಡೆ ಕತ್ತು ಹೊರಳಿಸಿದರು. ಮುಖದ ಬಿಗಿಯೆಲ್ಲ ಸಡಿಲವಾಯಿತು. ಬೆಕ್ಕನ್ನು ಎದೆಯ ಮೇಲೆ ಇಳಿಸಿಕೊಂಡು, ಅದರ ತಲೆ ಸವರಿ, "ನೋಡಿದಳು ಕಣೆ. ಇನ್ನೇನು ಬರ್ತಾಳೆ" ಅಂದರು.

ಆಮೇಲೆ ಮೂರೂಕಾಲು ಗಂಟೆ ಯಾರೂ ಬರಲಿಲ್ಲ. ಅದನ್ನು ಏಣಿಯಮ್ಮ ಓಡಿಸಿಯೂ ನೋಡಲಿಲ್ಲ.

ಅವಳು ಎದ್ದು ಅಡಿಗೆಮನೆಯ ಬಾಗಿಲಿಗೆ ಹೋದಳು. "ನಲ್ಲಿ ನಿಲ್ಲಿಸಿ ಮೇಡಂ. ಬೆಕ್ಕಿನ ಚಿತ್ರ ಬಂದಿತ್ತು, ಅಲ್ವಾ?"

ತಂಗಿ ನಲ್ಲಿ ನಿಲ್ಲಿಸಿದಳು, ತಿರುಗಲಿಲ್ಲ. "ಬಂದಿತ್ತು. ಒಬ್ಬರಿಗೆ ಕನ್ನಡಕದ ಅಳತೆ ತಗೊಳ್ತಿದ್ದೆ. ಬೆಕ್ಕು ಹಾರಿದೆ ಅಂದುಕೊಂಡೆ. ನಗು ಬಂತು. ಅದನ್ನೇ ಅಕ್ಕನ ಫೋನಿಗೆ ಕಳಿಸಿದೆ, 'ನಿನ್ನ ಯಜಮಾನಿ ಹಾರೋದು ಕಲಿತಿದ್ದಾಳೆ ನೋಡು' ಅಂತ. ಬೆರಳು ಕಂಡದ್ದು ಆವತ್ತು ಸಂಜೆ, ಆಸ್ಪತ್ರೆಯಲ್ಲಿ." ಆಮೇಲೆ ಸೇರಿಸಿದಳು, "ಅವಳ ಫೋನು ನಾನು ತಗೊಂಡು ಹೋಗಿಲ್ಲ. ಆ ಮೆಸೇಜು ಅವಳು ನೋಡಿಲ್ಲ. ಏನೂ ಬರಲಿಲ್ಲ ಅಂತ ನೀವು ಬರೆದುಕೊಟ್ಟರೆ ಮುಗೀತು."

ಫೋನು ಇನ್ನೂ ಅದೇ ಕಟ್ಟೆಯ ಮೇಲೆ, ಅದೇ ಚಾರ್ಜಿನ ವೈರಿಗೆ ಸಿಕ್ಕಿಕೊಂಡು ಬಿದ್ದಿತ್ತು.

ಸುಮ್ಮನಿದ್ದುಬಿಟ್ಟರೆ ಆಗುತ್ತಿತ್ತೇನೋ. ಆದರೆ ಆ ಸುಳ್ಳು ಆಸ್ಪತ್ರೆಯ ಮಂಚದವರೆಗೆ ಹೋಗಿ ಅಲ್ಲೇ ಸಾಯುತ್ತಿತ್ತು, ಟೀಚರ ಮೌನವನ್ನು ಇನ್ನಷ್ಟು ಗಟ್ಟಿಮಾಡಿ.

"ಅವರಿಗೆ ಕೇಳಿಸಿದೆ ಮೇಡಂ" ಅಂದಳು ಏಣಿಯಮ್ಮ. "ನಿಮ್ಮ ಮೆಸೇಜಿನ ಟಿಣ್ ಅವರಿಗೆ ಅಲ್ಲಿಗೆ ಕೇಳಿಸಿದೆ. ನೀವು ಬೆಕ್ಕನ್ನ ನೋಡಿದಿರಿ ಅಂತ ಅವರಿಗೆ ಗೊತ್ತು. ನೀವು ಹೊರಟಿರಿ ಅಂದುಕೊಂಡೇ ಅಷ್ಟು ಹೊತ್ತು ಮಲಗಿದ್ದರು."

ತಂಗಿ ಕಟ್ಟೆಯನ್ನು ಹಿಡಿದುಕೊಂಡಳು. ಅವಳು ಅಳಲಿಲ್ಲ. ಅತ್ತಿದ್ದರೆ ಏಣಿಯಮ್ಮನಿಗೆ ಏನಾದರೂ ಮಾಡಲು ತೋಚುತ್ತಿತ್ತು. ಕೊನೆಗೆ ತಂಗಿ ಆ ಫೋನನ್ನು ವೈರಿನಿಂದ ಬಿಡಿಸಿ, ಸೆರಗಿನಿಂದ ಒರೆಸಿದಳು. "ನೀವೂ ಬನ್ನಿ. ಒಬ್ಬಳೇ ಹೋಗೋಕೆ ನನ್ನ ಕೈಲಾಗಲ್ಲ" ಅಂದಳು.

ಆಸ್ಪತ್ರೆಯ ಆ ಕೋಣೆಯಲ್ಲಿ ನಾಲ್ಕು ಮಂಚ. ಕಿಟಕಿಯ ಪಕ್ಕದ್ದು ಟೀಚರದು. ಏಣಿಯಮ್ಮನನ್ನು ಕಂಡು ಅವರ ಮುಖ ಅರಳಿತು, ಹಿಂದೆ ತಂಗಿಯನ್ನು ಕಂಡು ಗೋಡೆಯ ಕಡೆಗೆ ಹೊರಳಿತು. ಕೈಗಳ ಮೇಲೆ ಬೆಕ್ಕು ಪರಚಿದ ಗೆರೆಗಳು ಒಣಗಿ ಕಪ್ಪಾಗಿದ್ದವು.

ತಂಗಿ ಫೋನನ್ನು ಹೊದಿಕೆಯ ಮೇಲಿಟ್ಟಳು. "ಅಕ್ಕಾ, ನಾನು ಆವತ್ತು ನೋಡಿದೆ. ಬೆಕ್ಕನ್ನ ನೋಡಿದೆ, ನಿನ್ನ ಬೆರಳು ನೋಡಲಿಲ್ಲ. ಒತ್ತಿ ನೋಡಬೇಕಿತ್ತು, ಒತ್ತಲಿಲ್ಲ. ನಿನಗೆ ಏನು ಕಳಿಸಿದೆ ಅಂತ ಇದರಲ್ಲಿದೆ."

ಟೀಚರ್ ತಿರುಗಿದರು. ದಿಂಬಿನ ಪಕ್ಕದಿಂದ ಕನ್ನಡಕ ತೆಗೆದು ಹಾಕಿಕೊಂಡರು, ಉತ್ತರಪತ್ರಿಕೆ ತಿದ್ದುವವರ ಹಾಗೆ ಫೋನನ್ನು ದೂರ ಹಿಡಿದು ಓದಿದರು. ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. ಕೊನೆಗೆ ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ತಂಗಿಯನ್ನು ನೋಡಿ ಮಾತಾಡಿದರು.

"ನಗು ಬಂತಾ?"

"ಬಂತು ಅಕ್ಕಾ."

ಟೀಚರ್ ತಲೆಯಾಡಿಸಿದರು. ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಅವರು ಹಾಗೇ ತಲೆಯಾಡಿಸುತ್ತಿದ್ದರೇನೋ.

ಏಣಿಯಮ್ಮನಿಗೆ ತಡೆಯಲಾಗಲಿಲ್ಲ. "ಟೀಚರ್, ತಪ್ಪು ನಂದು. ನೆಲ ಬಿಟ್ಟು ಚೌಕ ಎಳೆದವಳು ನಾನು. ಬಾಯಿಗೆ ಬಂದ ಹಾಗೆ ಮಾತಾಡಿದವಳೂ ನಾನು. ಇವರನ್ನ ಬೈಬೇಡಿ."

"ಗೆರೆ ಎಲ್ಲಿದೆ ಅಂತ ನೀನು ನನಗೆ ಹೇಳಿದ್ದೆ" ಅಂದರು ಟೀಚರ್. "ಹೇಳಿದ್ದಕ್ಕೇ ನಾನು ಅದನ್ನ ದಾಟಿಸಿದೆ. ಬೆಕ್ಕು ಚೌಕದೊಳಗೆ ಬಂತು, ಫೋನಿಗೆ ಸುದ್ದಿ ಹೋಯ್ತು. ನಿನ್ನ ಕೆಲಸದಲ್ಲಿ ತಪ್ಪಿಲ್ಲ."

ಬೈದಿದ್ದರೆ ಏಣಿಯಮ್ಮ ಸಹಿಸುತ್ತಿದ್ದಳು. ಈ ಮಾತು ಅವಳ ಕೈಯಿಂದ ತಪ್ಪನ್ನು ಕಿತ್ತು ಪೂರ್ತಿಯಾಗಿ ತಂಗಿಯ ತಲೆಗೆ ಕಟ್ಟಿತು. ತಂಗಿ ಅದನ್ನು ನಿಂತೇ ಕೇಳಿದಳು.

"ಇನ್ನೂ ಆರು ವಾರ ಇಲ್ಲೇ ಅಂತೆ" ಟೀಚರ್ ಏಣಿಯಮ್ಮನಿಗೇ ಹೇಳುತ್ತಿದ್ದರು. "ಯಜಮಾನಿ ಓಡಾಡೋದು ನನಗೆ ಕಾಣಬೇಕು. ಆ ಕ್ಯಾಮೆರಾ ಕೆಳಗಿಳಿಸು. ನೆಲ ಕಾಣಲಿ. ನನ್ನ ಫೋನಿಗೂ ಬರೋ ಹಾಗೆ ಮಾಡು."

ಏಣಿಯಮ್ಮ ಅಲ್ಲೇ ಅವರ ಫೋನಿಗೆ ಕ್ಯಾಮೆರಾ ಜೋಡಿಸಿಕೊಟ್ಟಳು. ಇಬ್ಬರೂ ಹೊರಟಾಗ ಟೀಚರ್ ಮತ್ತೆ ಗೋಡೆಯ ಕಡೆ ತಿರುಗಿದ್ದರು.

ಮನೆಗೆ ಮರಳಿ ಅವಳು ಕ್ಯಾಮೆರಾವನ್ನು ಸೂರಿನ ಮೂಲೆಯಿಂದ ಬಿಚ್ಚಿ, ಪುಸ್ತಕದ ಕಪಾಟಿನ ಕಾಲಿಗೆ, ಮೊಣಕಾಲಿನ ಎತ್ತರಕ್ಕೆ ಬಿಗಿದಳು. ಈ ಕೆಲಸಕ್ಕೆ ಏಣಿ ಬೇಕಾಗಲಿಲ್ಲ. ಹೊಸ ಚೌಕ ಎಳೆಯುವಾಗ ಕೆಳಗಿನ ಗೆರೆಯನ್ನು ಚಿತ್ರದ ಅಂಚಿನವರೆಗೂ ತಂದಳು. ಟೀಚರ ಕುರ್ಚಿಯ ಕಾಲುಗಳು, ಮೇಜಿನ ಅಡಿ, ಹೊಸ್ತಿಲು ಎಲ್ಲ ಒಳಗೆ ಬಂದವು. ಆಮೇಲೆ ಅಭ್ಯಾಸಬಲದಿಂದ "ಈಗ..." ಎಂದಳು, ಉಳಿದದ್ದನ್ನು ಹೇಳದೆ ಫೋನು ಹಿಡಿದು ನಿಂತಳು.

ತಂಗಿ ತನ್ನ ಫೋನನ್ನು ಮೇಜಿನ ಮೇಲಿಟ್ಟು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಸ್ತಿಲ ಮೇಲೆ ಅವಳ ಎರಡು ಕೈ ಕಂಡವು. ಇಸ್ತ್ರಿಯ ಸಮವಸ್ತ್ರದಲ್ಲಿ, ಅಂಗಡಿಯ ಬಿಲ್ಲೆ ನೆಲಕ್ಕೆ ಉಜ್ಜುತ್ತ, ಮೊಣಕೈ ಊರಿ ಅವಳು ತೆವಳಿದಳು. ಏಣಿಯಮ್ಮನ ಫೋನೂ ಮೇಜಿನ ಮೇಲಿದ್ದದ್ದೂ ಟಿಣ್ ಎಂದವು.

"ಬಂತು ಮೇಡಂ. ಸಾಕು, ಏಳಿ."

ತಂಗಿ ನಿಲ್ಲಿಸಲಿಲ್ಲ. ಗಟ್ಟಿಮುಟ್ಟಾದ ಸೊಂಟವಿದ್ದೂ ಅರ್ಧ ದಾರಿಗೆ ಅವಳಿಗೆ ಏದುಸಿರು ಬಂತು. ನಡುಮನೆಯ ಮಧ್ಯಕ್ಕೆ, ಮೇಜಿನ ಪಕ್ಕಕ್ಕೆ ಬಂದು ಅಂಗಾತ ಮಲಗಿದಳು. ಅಲ್ಲಿಂದ ಮೇಜು ಎಷ್ಟು ಎತ್ತರ ಎಂದು ನೋಡುವವಳಂತೆ ಒಂದು ಕೈ ಎತ್ತಿದಳು. ಯಜಮಾನಿ ಎಲ್ಲಿಂದಲೋ ಬಂದು ಅವಳ ಕೆನ್ನೆಗೆ ಮೈ ಉಜ್ಜಿತು. ಆಗ ಅವಳಿಗೆ ಅಳು ಬಂತು, ಒಂಬತ್ತು ದಿನದ್ದೆಲ್ಲ ಒಟ್ಟಿಗೆ.

ಏಣಿಯಮ್ಮ ಎಬ್ಬಿಸಲು ಹೋಗಲಿಲ್ಲ. ಈ ಚಿತ್ರ ಇನ್ನೊಂದು ಫೋನಿಗೂ ಹೋಗಿದೆ ಎಂದು ಅವಳಿಗೆ ಗೊತ್ತಿತ್ತು, ನೆಲದ ಮೇಲಿದ್ದವಳಿಗೂ ಗೊತ್ತಿತ್ತು. ಗಡಿಯಾರದ ಸದ್ದು ಕೇಳುತ್ತ ಇಬ್ಬರೂ ಕಾದರು. ಐದು ನಿಮಿಷ, ಎಂಟು ನಿಮಿಷ. ಎದುರಿನ ಕಟ್ಟಡದಲ್ಲಿ ಯಂತ್ರ ಶುರುವಾಗಿ ನಿಂತಿತು. ಆ ಮೂರೂಕಾಲು ಗಂಟೆ ಎಷ್ಟು ಉದ್ದವಿತ್ತೆಂದು ಏಣಿಯಮ್ಮನಿಗೆ ಈಗ ಕೊಂಚ ತಿಳಿಯಿತು.

ಮೇಜಿನ ಮೇಲೆ ತಂಗಿಯ ಫೋನು ಮತ್ತೆ ಟಿಣ್ ಎಂದಿತು. ತಂಗಿಯ ಕೈ ಅದಕ್ಕೆ ಎಟುಕುತ್ತಿರಲಿಲ್ಲ. ಏಣಿಯಮ್ಮ ಎತ್ತಿಕೊಂಡು, ಅವಳ ಪಕ್ಕ ನೆಲದ ಮೇಲೆ ಕೂತು ಓದಿ ಹೇಳಿದಳು.

"ನೋಡಿದೆ. ಏಳು."